ಹಡಗಿನ ಹೊಗೆ, ಕಡಲಿನ ನೀರು

ಹಡಗುಗಳ ಇಂಧನದಲ್ಲಿರಬಹುದಾದ ಗಂಧಕದ ಜಾಗತಿಕ ಮಿತಿಯನ್ನು ಅಂತಾರಾಷ್ಟ್ರೀಯ ಕಡಲಯಾನ ಸಂಸ್ಥೆಯು 2020ರ ಜನವರಿ 1ರಂದು ಶೇ. 3.5ರಿಂದ ಶೇ. 0.5ಕ್ಕೆ ಇಳಿಸಿತು. ಬಂದರು ನಗರಗಳ ನಿವಾಸಿಗಳಿಗೆ ಇದರಿಂದಾದ ಉಪಕಾರ ಸಣ್ಣದಲ್ಲ. ಆದರೆ ಹೊಗೆಯನ್ನು ತೊಳೆಯುವ ‘ಸ್ಕ್ರಬರ್’ ಯಂತ್ರವುಳ್ಳ ಹಡಗು ಗಂಧಕ ಹೆಚ್ಚಿರುವ ಅಗ್ಗದ ಎಣ್ಣೆಯನ್ನೇ ಉರಿಸಲು ಅವಕಾಶ ಉಳಿಯಿತು. ಇಂಥ ಯಂತ್ರಗಳಲ್ಲಿ ಬಹುಪಾಲು ಕಡಲ ನೀರನ್ನು ಹೀರಿ ಹೊಗೆಯ ಮೇಲೆ ಸಿಂಪಡಿಸಿ, ಆಮ್ಲಗುಣವೂ ಭಾರಲೋಹಗಳೂ ಬೆರೆತ ಆ ನೀರನ್ನು ಮರಳಿ ಕಡಲಿಗೇ ಬಿಡುತ್ತವೆ. ಯಂತ್ರ ನಡೆಸಲು ತಗಲುವ ಇಂಧನದಿಂದ ಇಂಗಾಲವೂ ತುಸು ಹೆಚ್ಚುತ್ತದೆ. ತೊಳೆನೀರಿಗೆ ಮಾರ್ಗಸೂಚಿಗಳು ಇಲ್ಲದಿಲ್ಲ. ಅವು ಒಂದೊಂದು ಹಡಗನ್ನು ಅಳೆಯುತ್ತವೆಯೇ ಹೊರತು, ಒಂದೇ ಕಡಲಿಗೆ ನೂರಾರು ಹಡಗುಗಳು ಸುರಿಯುವ ಒಟ್ಟು ಮೊತ್ತವನ್ನಲ್ಲ. ಸಿಂಗಾಪುರವು 2020ರಲ್ಲಿ ತನ್ನ ಬಂದರಿನೊಳಗೂ, ಡೆನ್ಮಾರ್ಕ್ 2025ರ ಜುಲೈಯಲ್ಲಿ ತೀರದಿಂದ 12 ನಾವಿಕ ಮೈಲಿಗಳವರೆಗೂ ಈ ವಿಸರ್ಜನೆಯನ್ನು ನಿಷೇಧಿಸಿದವು. ಅದರಾಚೆಯ ಮುಕ್ತ ಸಾಗರದಲ್ಲಿ ಅನುಮತಿ ಹಾಗೆಯೇ ಉಳಿದಿದೆ.