ಹಾರ್ಪ್ ಹೊತ್ತು ಹೊರಟ ಊರು

ದಕ್ಷಿಣ ಇಟಲಿಯ ಬಸಿಲಿಕಾತ ಪ್ರಾಂತ್ಯದಲ್ಲಿ, ಆಗ್ರಿ ಕಣಿವೆಯ ಮೇಲೆ, ವಿಜ್ಜಾನೊ ಎಂಬ ಬೆಟ್ಟದೂರಿದೆ. ಹೊಲ ಸಾಲದು, ಚಳಿಗಾಲ ಉದ್ದ. ಇಂಥ ಊರಿನಲ್ಲಿ ಹಾರ್ಪ್ ಹೊಟ್ಟೆಪಾಡಿನ ದಾರಿಯಾಯಿತು. ಅರಮನೆಯ ದೊಡ್ಡ ವಾದ್ಯ ಇದಲ್ಲ. ಕಾಲಿನಿಂದ ಒತ್ತುವ ಪೆಡಲ್‌ಗಳಿಲ್ಲದ, ಕರುಳಿನ ತಂತಿ ಬಿಗಿದ, ಪಟ್ಟಿ ಕಟ್ಟಿ ಹೆಗಲಿಗೇರಿಸಬಹುದಾದ ಸಣ್ಣ ಹಾರ್ಪ್. ಜೊತೆಗೊಂದು ಪಿಟೀಲು, ಒಂದು ಕೊಳಲು ಸೇರಿದರೆ ಮೇಳ ಸಿದ್ಧ. ಕ್ರಿಸ್‌ಮಸ್‌ಗೆ ಮುನ್ನ ನೇಪಲ್ಸ್‌ಗೆ ಇಳಿದು, ಮನೆಗಳ ಮುಂದೆ ಭಕ್ತಿಯ ರಾಗಗಳನ್ನು ನುಡಿಸಿ, ದುಡ್ಡು ಕೂಡಿಸಿಕೊಂಡು ಮರಳುವುದು ರೂಢಿಯಾಗಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಆ ದಾರಿ ಪ್ಯಾರಿಸ್, ಲಂಡನ್, ನ್ಯೂಯಾರ್ಕ್, ಮೆಲ್ಬರ್ನ್‌ವರೆಗೂ ಬೆಳೆಯಿತು. 1857ರ ಡಿಸೆಂಬರ್ 16ರ ರಾತ್ರಿ ಬಸಿಲಿಕಾತವನ್ನು ನೆಲಸಮ ಮಾಡಿದ ಭೂಕಂಪ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಉಳಿದವರಿಗೆ ಹೊರಡಲು ಬೇರೆ ಕಾರಣ ಬೇಕಿರಲಿಲ್ಲ.

ಇಂದು ಅವರ ಮರಿಮಕ್ಕಳು ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಕುಳಿತು ಮುತ್ತಜ್ಜನನ್ನು ಹುಡುಕುತ್ತಿದ್ದಾರೆ. ಊರೂರು ಅಲೆದು ಬದುಕಿದವನ ಗುರುತು ಹೇಗೆ ಸಿಕ್ಕೀತು ಎಂದು ಯಾರಿಗಾದರೂ ಅನಿಸಬಹುದು. ಸಿಗುತ್ತದೆ. ಬೀದಿಯಲ್ಲಿ ನುಡಿಸುವವನ ಮೇಲೆ ಸರ್ಕಾರಗಳಿಗೆ ಸದಾ ಅನುಮಾನ. ಆ ಅನುಮಾನ ಪಾಸ್‌ಪೋರ್ಟ್‌ನಲ್ಲಿ, ಪೊಲೀಸರ ಕಡತದಲ್ಲಿ, ನ್ಯಾಯಾಲಯದ ದಾಖಲೆಯಲ್ಲಿ ಅವನನ್ನು ಉಳಿಸಿಬಿಟ್ಟಿದೆ.

ಈ ಕಡತಗಳಲ್ಲಿ ಅತ್ಯಂತ ನೋವಿನವು ಮಕ್ಕಳಿಗೆ ಸಂಬಂಧಿಸಿದವು. ಬಡ ತಂದೆತಾಯಿಯರು ‘ಪಾದ್ರೋನೆ’ ಎಂಬ ಯಜಮಾನನೊಡನೆ ಕೆಲವು ವರ್ಷಗಳ ಕರಾರು ಮಾಡಿಕೊಂಡು, ಅಲ್ಪ ಹಣಕ್ಕೆ ಮಗನನ್ನು ಒಪ್ಪಿಸುತ್ತಿದ್ದರು. ಹುಡುಗ ಪರದೇಶದ ಬೀದಿಯಲ್ಲಿ ದಿನವಿಡೀ ನುಡಿಸಿ, ಗೊತ್ತುಮಾಡಿದ ಮೊತ್ತವನ್ನು ರಾತ್ರಿ ತಂದುಕೊಡಬೇಕು. ಕಡಿಮೆಯಾದರೆ ಏಟು, ಉಪವಾಸ. ನ್ಯೂಯಾರ್ಕ್‌ನ ಪತ್ರಿಕೆಗಳು 1873ರಲ್ಲಿ ಇದನ್ನು ಗುಲಾಮಗಿರಿ ಎಂದೇ ಬರೆದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇಟಲಿ, ಅಲೆಮಾರಿ ಕಸುಬುಗಳಿಗೆ ಮಕ್ಕಳನ್ನು ಒಪ್ಪಿಸುವುದನ್ನು ಅಪರಾಧವೆಂದು ಸಾರಿತು. 1874ರಲ್ಲಿ ಅಮೆರಿಕವೂ ಕಾನೂನು ತಂದಿತು. ಮುತ್ತಜ್ಜ ಸಂಗೀತಗಾರನಾಗಿದ್ದ ಎಂದು ಹೆಮ್ಮೆಯಿಂದ ಹುಡುಕಲು ಹೊರಟವರಿಗೆ, ಎಂಟೊಂಬತ್ತು ವರ್ಷದ ಹುಡುಗನೊಬ್ಬ ಎದುರಾಗುವುದುಂಟು. ಅವನನ್ನೂ ವಂಶವೃಕ್ಷದಲ್ಲಿ ಅವನಿದ್ದಂತೆಯೇ ಬರೆಯಬೇಕು, ಕಥೆಯನ್ನು ಮೃದು ಮಾಡಬಾರದು ಎಂದು ನನ್ನ ಮನಸ್ಸು ಹೇಳುತ್ತದೆ.

ಹುಡುಕುವವರು ಮೊದಲು ತಿಳಿಯಬೇಕಾದದ್ದು ಊರಿನ ಹೆಸರು. ಇಟಲಿಯಲ್ಲಿ ದಾಖಲೆಗಳೆಲ್ಲ ಊರಿನ ಲೆಕ್ಕದಲ್ಲೇ ಇವೆ. ಬಸಿಲಿಕಾತ ಆಗ ಸೇರಿದ್ದ ನೇಪಲ್ಸ್ ರಾಜ್ಯದ ಮುಖ್ಯಭೂಮಿಯಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ನೆಪೋಲಿಯನ್ ಕಾಲದಲ್ಲಿ, 1809ರಲ್ಲಿ ಶುರುವಾಯಿತು, ಸಿಸಿಲಿಯಲ್ಲಿ 1820ರಲ್ಲಿ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ಪುಸ್ತಕಗಳೇ ಗತಿ. ಇಟಲಿಯ ರಾಜ್ಯ ಪತ್ರಾಗಾರಗಳು ಈ ನೋಂದಣಿ ಪುಸ್ತಕಗಳನ್ನು ‘ಆಂತೆನಾತಿ’ ಎಂಬ ತಾಣದಲ್ಲಿ ಉಚಿತವಾಗಿ ತೆರೆದಿಟ್ಟಿವೆ. ತಂದೆಯ ವಯಸ್ಸು, ಕಸುಬು, ವಾಸದ ಬೀದಿ ಎಲ್ಲವೂ ಅಲ್ಲಿ ಸಿಗುತ್ತವೆ. ಜನನ ಬರೆಸುವುದು ತಂದೆಯ ಕೆಲಸ. ಅವನು ಊರಲ್ಲಿಲ್ಲದಿದ್ದರೆ ಸೂಲಗಿತ್ತಿ ಮಗುವನ್ನು ಕಚೇರಿಗೆ ತಂದು ಬರೆಸುತ್ತಿದ್ದಳು. ಸಂಗೀತಗಾರನ ಮನೆಯ ಪುಟದಲ್ಲಿ ಸೂಲಗಿತ್ತಿಯ ಹೆಸರು ಕಂಡರೆ, ಆ ವರ್ಷ ಅವನು ಎಲ್ಲೋ ದೂರದಲ್ಲಿ ನುಡಿಸುತ್ತಿದ್ದನೇನೋ ಎಂದು ಊಹಿಸಬಹುದು.

ಮೊದಲ ಮಗನಿಗೆ ತಂದೆಯ ತಂದೆಯ ಹೆಸರಿಡುವ ವಾಡಿಕೆಯಿಂದ ಒಂದೇ ಊರಿನಲ್ಲಿ ಒಂದೇ ಹೆಸರಿನವರು ಹಲವರು. ಇಲ್ಲಿ ಕೈಹಿಡಿಯುವವರು ಹೆಂಗಸರು. ಇಟಲಿಯ ದಾಖಲೆಗಳಲ್ಲಿ ಮದುವೆಯಾದ ಮೇಲೂ ಹೆಣ್ಣಿನದು ತವರಿನ ಹೆಸರೇ. ಹೆಂಡತಿಯ ಹೆಸರು ಗೊತ್ತಿದ್ದರೆ ನಾಲ್ವರು ವಿನ್ಚೆಂಜೊಗಳ ನಡುವೆ ನಮ್ಮವನು ಯಾರೆಂದು ತಿಳಿಯುತ್ತದೆ. ಇನ್ನು, ನ್ಯೂಯಾರ್ಕ್ ಬಂದರಿನ ವಲಸೆ ಕೇಂದ್ರವಾಗಿದ್ದ ಎಲ್ಲಿಸ್ ದ್ವೀಪದ ಗುಮಾಸ್ತರು ಹೆಸರು ಕೆಡಿಸಿದರು ಎಂಬ ಮಾತು ಬಹಳ ಮನೆಗಳಲ್ಲಿದೆ. ಆದರೆ ಪ್ರಯಾಣಿಕರ ಪಟ್ಟಿಯನ್ನು ಹಡಗು ಕಂಪನಿಯವರು ಹೊರಡುವ ಬಂದರಿನಲ್ಲೇ ಬರೆಯುತ್ತಿದ್ದರು. ಹೆಸರು ಬದಲಾದದ್ದು ಹೆಚ್ಚಾಗಿ ಆಮೇಲೆ, ಅವರವರ ಇಷ್ಟದಿಂದಲೇ. ಜಾಜ್ ಗಿಟಾರಿನ ಆದ್ಯರಲ್ಲೊಬ್ಬನಾದ ಎಡ್ಡಿ ಲ್ಯಾಂಗ್ 1902ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದಾಗ ಸಾಲ್ವತೋರೆ ಮಸ್ಸಾರೊ ಆಗಿದ್ದ. ತಂದೆ ವಾದ್ಯ ತಯಾರಿಸುವವರು. ರಂಗದ ಹೆಸರಿನಲ್ಲಷ್ಟೇ ಹುಡುಕಿದರೆ ಇಂಥವರ ಬೇರು ಕೈಗೆ ಸಿಗುವುದಿಲ್ಲ.

ಬೀದಿಯಿಂದ ವಾದ್ಯವೃಂದಕ್ಕೆ ಒಂದೆರಡು ತಲೆಮಾರು ಸಾಕಾಯಿತು. 1875ರಲ್ಲಿ ವಿಜ್ಜಾನೊದಲ್ಲಿ ಹುಟ್ಟಿದ ಲಿಯೊನಾರ್ದೊ ದೆ ಲೊರೆನ್ಜೊ ಹದಿಹರೆಯದಲ್ಲೇ ಅಮೆರಿಕಕ್ಕೆ ಹೋದರು, ಸೈನ್ಯದ ಸೇವೆಗೆ ಮರಳಿದರು, ಕೇಪ್‌ಟೌನ್‌ನಲ್ಲಿ ನುಡಿಸಿದರು, ಕೊನೆಗೆ ಗುಸ್ತಾವ್ ಮಾಹ್ಲರ್ ನಡೆಸುತ್ತಿದ್ದ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನಲ್ಲಿ ಕೊಳಲು ಹಿಡಿದು ಕುಳಿತರು. ಆಮೇಲೆ ರಾಚೆಸ್ಟರ್‌ನ ಈಸ್ಟ್‌ಮನ್ ಸಂಗೀತ ಶಾಲೆಯಲ್ಲಿ ಗುರುಗಳಾದರು. 1951ರಲ್ಲಿ ಕೊಳಲಿನ ಸಮಗ್ರ ಚರಿತ್ರೆಯನ್ನೇ ಬರೆದರು. ಹುಟ್ಟೂರು ಇಂದು ಅವರ ಹೆಸರಿನಲ್ಲಿ ಅಂತರರಾಷ್ಟ್ರೀಯ ಕೊಳಲು ಸ್ಪರ್ಧೆ ನಡೆಸುತ್ತದೆ. ವಿಜ್ಜಾನೊ ಮೂಲದ ಮನೆತನದ ವಿಕ್ಟರ್ ಸಾಲ್ವಿ 1920ರಲ್ಲಿ ಶಿಕಾಗೋದಲ್ಲಿ ಹುಟ್ಟಿ ಹಾರ್ಪ್ ನುಡಿಸಿದರು, ಆಮೇಲೆ ಹಾರ್ಪ್ ಕಟ್ಟಲು ಇಟಲಿಗೆ ಹಿಂದಿರುಗಿದರು. ಪಿಯೆಮೊಂತೆಯ ಪಿಯಾಸ್ಕೊದಲ್ಲಿ ಅವರ ಕಾರ್ಖಾನೆಯೂ ಹಾರ್ಪ್‌ಗಳದೇ ವಸ್ತುಸಂಗ್ರಹಾಲಯವೂ ಇವೆ. 1987ರಲ್ಲಿ ಅವರು ಶಿಕಾಗೋದ ಹೆಸರಾಂತ ಹಾರ್ಪ್ ಕಂಪನಿ ಲಯನ್ ಆ್ಯಂಡ್ ಹೀಲಿಯನ್ನು ಕೊಂಡರು.