ಡ್ಯೂಟಿಯಲ್ಲಿ ಸೂಜಿ ಚುಚ್ಚಿದರೆ ಖರ್ಚು ಯಾರದ್ದು? ಆಸ್ಪತ್ರೆ ಸಿಬ್ಬಂದಿ, ಮಾಲೀಕರಿಗೆ ಇಲ್ಲಿದೆ ಮಾಹಿತಿ

ದಾವಣಗೆರೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ನರ್ಸಿಂಗ್ ಹೋಂ, ಕ್ಲಿನಿಕ್, ಲ್ಯಾಬ್‌ಗಳಲ್ಲಿ ದುಡಿಯುವವರಿಗೆ ಸೂಜಿ ಚುಚ್ಚೋದು, ರೋಗಿಯನ್ನು ಎತ್ತುವಾಗ ಸೊಂಟ ಹಿಡಿಯೋದು ಹೊಸದಲ್ಲ. ಖರ್ಚಿನ ಮಾತು ಬಂದಾಗ ಮಾತ್ರ ‘ಹೆಲ್ತ್ ಕಾರ್ಡ್ ಇದೆಯಲ್ಲ’ ಅಂತ ಸುಮ್ಮನಾಗ್ತೇವೆ. ಆದರೆ ಆ ಕಾರ್ಡ್ ಇಲ್ಲಿ ಪೂರ್ತಿ ಕೆಲಸಕ್ಕೆ ಬರೋದಿಲ್ಲ.

ಕಾರ್ಡ್ ಯಾಕೆ ಸಾಲದು?

ಹೆಚ್ಚಿನ ಮೆಡಿಕ್ಲೈಮ್ ಪಾಲಿಸಿಗಳು 24 ಗಂಟೆ ಅಡ್ಮಿಟ್ ಆದರೆ ಮಾತ್ರ ಹಣ ಕೊಡುತ್ತವೆ. ಸೂಜಿ ಚುಚ್ಚಿದವರು ಅಡ್ಮಿಟ್ ಆಗೋದಿಲ್ಲ. ಅವರಿಗೆ ಬರುವುದು ರಕ್ತಪರೀಕ್ಷೆ, ಮಾತ್ರೆ, ತಿಂಗಳುಗಟ್ಟಲೆ ಓಡಾಟದ ಖರ್ಚು. ಆಯುಷ್ಮಾನ್ ಕಾರ್ಡ್ ಆಸ್ಪತ್ರೆ ಬಿಲ್ ನೋಡಿಕೊಂಡರೂ, ರಜೆಯಲ್ಲಿ ಹೋದ ಸಂಬಳ ಕೊಡೋದಿಲ್ಲ.

ಇಎಸ್‌ಐ ಇದ್ದರೆ

10 ಅಥವಾ ಹೆಚ್ಚು ಸಿಬ್ಬಂದಿ ಇರುವ ಕಡೆ, ತಿಂಗಳಿಗೆ ₹21,000ವರೆಗೆ ಸಂಬಳ ಪಡೆಯುವವರು ಇದರ ವ್ಯಾಪ್ತಿಗೆ ಬರುತ್ತಾರೆ. ನೌಕರರ ಪಾಲು ಶೇ 0.75, ಮಾಲೀಕರ ಪಾಲು ಶೇ 3.25. ₹15,000 ಸಂಬಳಕ್ಕೆ ಇಬ್ಬರದ್ದೂ ಸೇರಿ ಸುಮಾರು ₹600.

ಕೆಲಸದಲ್ಲಿ ಗಾಯವಾಗಿ 3 ದಿನ ಅಥವಾ ಹೆಚ್ಚು ಕೆಲಸ ಮಾಡಲಾಗದಿದ್ದರೆ, ಚಿಕಿತ್ಸೆಯ ಜೊತೆಗೆ ದಿನದ ವೇತನದ ಶೇ 90ರಷ್ಟು ಹಣ ಸಿಗುತ್ತದೆ. ದಿನಕ್ಕೆ ₹500 ವೇತನ ಇದ್ದವರು 20 ದಿನ ಮಲಗಿದರೆ ಸುಮಾರು ₹9,000. ಇದಕ್ಕೆ ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕು ಅನ್ನೋ ಷರತ್ತಿಲ್ಲ. ಆಸ್ಪತ್ರೆ, ಲ್ಯಾಬ್ ಕೆಲಸದಿಂದ ತಗಲಿದ ಸೋಂಕು ರೋಗವೂ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿದೆ. ಇಎಸ್‌ಐ ಆಸ್ಪತ್ರೆ ದಾವಣಗೆರೆಯಲ್ಲಿದೆ.

ಹೊರಗುತ್ತಿಗೆ ಸಿಬ್ಬಂದಿ ತಮ್ಮ ಇಎಸ್‌ಐ ನಂಬರ್ ಅನ್ನು ಗುತ್ತಿಗೆದಾರರಿಂದ ಇಂದೇ ಕೇಳಿ ಪಡೆಯಿರಿ.

10ಕ್ಕಿಂತ ಕಡಿಮೆ ಜನ ಇದ್ದರೆ?

ಸಣ್ಣ ಕ್ಲಿನಿಕ್, ಲ್ಯಾಬ್ ಮಾಲೀಕರೇ, ಕೆಲಸದಲ್ಲಾದ ಗಾಯಕ್ಕೆ ಮಾಲೀಕ ಹೊಣೆ ಎನ್ನುವ ತತ್ವ 1923ರ ಕಾಯ್ದೆಯಿಂದಲೂ ಇದೆ. ವಿಮೆ ಇಲ್ಲದಿದ್ದರೆ ಪರಿಹಾರ ನಿಮ್ಮ ಗಲ್ಲಾಪೆಟ್ಟಿಗೆಯಿಂದಲೇ ಹೋಗಬೇಕಾಗಬಹುದು. ವಿಮಾ ಕಂಪನಿಗಳಲ್ಲಿ ನೌಕರರ ಪರಿಹಾರ ಪಾಲಿಸಿ ಸಿಗುತ್ತದೆ. ಮಾಡಿಸುವಾಗ ‘ಚಿಕಿತ್ಸಾ ವೆಚ್ಚ ಸೇರಿದೆಯಾ?’ ಅಂತ ತಪ್ಪದೆ ಕೇಳಿ.

ಸೂಜಿ ಚುಚ್ಚಿದ ತಕ್ಷಣ

* ಗಾಯ ಹಿಂಡಬೇಡಿ, ಸೋಪು ನೀರಿನಲ್ಲಿ ತೊಳೆಯಿರಿ.
* ಕೂಡಲೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆ ಮಾತ್ರೆ ಬೇಕು ಅಂದರೆ 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು. ಕೋರ್ಸ್ 28 ದಿನ.
* ದಿನಾಂಕ, ಸಮಯ ಹಾಕಿ ಅಪಘಾತ ಪುಸ್ತಕದಲ್ಲಿ ಬರೆಸಿ, ಫೋಟೊ ತೆಗೆದಿಟ್ಟುಕೊಳ್ಳಿ. ದಾಖಲೆ ಇಲ್ಲದಿದ್ದರೆ ಗಾಯ ಕೆಲಸದಲ್ಲೇ ಆಯಿತು ಅಂತ ಸಾಬೀತು ಮಾಡೋದು ಕಷ್ಟ.

ಅಗ್ಗದ ದಾರಿ

ಲಸಿಕೆ ಹಾಕಿಸಿಕೊಳ್ಳದವರಿಗೆ ಸೋಂಕಿತರ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ 100ಕ್ಕೆ 30ರವರೆಗೂ ಇದೆ. ತಡೆಯಲು 3 ಡೋಸ್ ಸಾಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಈ ಲಸಿಕೆ ಹಾಕಿಸೋದು, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸೋದು ಆಸ್ಪತ್ರೆಯದ್ದೇ ಹೊಣೆ. ಕಸ ಗುಡಿಸುವವರಿಗೂ ಇದು ಅನ್ವಯ. ಕೇಳಲು ಸಂಕೋಚ ಬೇಡ.