ವಿಮಾನದಿಂದ ಜೇಬಿಗೆ ಇಳಿದ ಚರ್ಮ

ಪರ್ಸು, ಬೆಲ್ಟು, ಕೈಗಡಿಯಾರದ ಪಟ್ಟಿ, ಕೀಲಿಗೊಂಚಲು - ಇವುಗಳ ಮೇಲೆ ಹಳೆಯ ಯುದ್ಧವಿಮಾನವನ್ನೋ ರೆಕ್ಕೆಯ ಲಾಂಛನವನ್ನೋ ಅಚ್ಚೊತ್ತಿ ಮಾರುವುದುಂಟು. ಹುಟ್ಟುಹಬ್ಬಕ್ಕೆ, ನಿವೃತ್ತಿಗೆ ಉಡುಗೊರೆಯಾಗಿ ಇವು ಸಲ್ಲುತ್ತವೆ. ಆದರೆ ಚರ್ಮಕ್ಕೂ ಯುದ್ಧವಿಮಾನಕ್ಕೂ ನಂಟು ಬೆಳೆದದ್ದು ಶೋಕಿಯಿಂದಲ್ಲ, ಚಳಿಯಿಂದ.

ನೆಲದಿಂದ ಪ್ರತಿ ಸಾವಿರ ಮೀಟರ್ ಮೇಲೇರಿದಂತೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಮೊದಲ ವಿಮಾನಗಳಲ್ಲಿ ಪೈಲಟ್ ಕೂರುವ ಜಾಗಕ್ಕೆ ಮುಚ್ಚಿಗೆಯೇ ಇರಲಿಲ್ಲ. ಬಟ್ಟೆಯ ನೇಯ್ಗೆಯೊಳಗೆ ನುಸುಳುವ ಗಾಳಿ ಚರ್ಮದೊಳಗೆ ನುಸುಳದು. ಹೀಗಾಗಿ ಚರ್ಮದ ಟೋಪಿ, ಕೈಗವಸು, ಕೋಟುಗಳು ಬಂದವು. ಬ್ರಿಟನ್ನಿನ ಇರ್ವಿನ್ ಜಾಕೆಟ್ ಕುರಿಯ ಚರ್ಮದ್ದು, ಉಣ್ಣೆ ಒಳಗಡೆಗೆ. ಅಮೆರಿಕ ಸೇನೆ 1931ರಲ್ಲಿ 'ಎ-2' ಜಾಕೆಟ್ಟನ್ನು ಒಪ್ಪಿಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಅಲ್ಲಿನ ಯೋಧರು ಅದರ ಬೆನ್ನಿಗೆ ವಿಮಾನದ ಹೆಸರು, ಚಿತ್ರ, ನಡೆಸಿದ ದಾಳಿಗಳ ಲೆಕ್ಕ ಬರೆಸಿಕೊಂಡರು. ಇಂದಿನ ಉಡುಗೊರೆಗಳ ಮೇಲಿನ ಅನೇಕ ವಿನ್ಯಾಸಗಳ ಮೂಲ ಇದೇ.

ಭಾರತಕ್ಕೂ ಇಂಥ ಪರಂಪರೆಯುಂಟು. ವಾಯುಪಡೆಯ ಒಂದನೇ ಸ್ಕ್ವಾಡ್ರನ್ 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಆರಂಭವಾದಾಗ ಅದರ ಬಳಿ ಇದ್ದವು 'ವಾಪಿಟಿ' ಎಂಬ ತೆರೆದ ವಿಮಾನಗಳು. ಇದೇ ಸ್ಕ್ವಾಡ್ರನ್ನಿನ ಹೆಸರಿನೊಂದಿಗೆ ಮುಂದೆ ಕೊಡಗಿನ ಒಂದು ಮನೆತನದ ಹೆಸರೂ ಸೇರಿಕೊಂಡಿತು. ಶ್ರೀಮಂಗಲ ಸಮೀಪದ ಕುರ್ಚಿ ಗ್ರಾಮ ಅಜ್ಜಮಾಡ ಮನೆತನದ ನೆಲೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಈ ಮನೆತನದವರು.

ದೇವಯ್ಯನವರ ಕಾಲಕ್ಕೆ ಜೆಟ್ ವಿಮಾನಗಳು ಬಂದಿದ್ದವು. ಮುಚ್ಚಿದ ಕಾಕ್‌ಪಿಟ್, ಗಟ್ಟಿ ಹೆಲ್ಮೆಟ್, ಆಮ್ಲಜನಕದ ಮುಖವಾಡಗಳ ನಡುವೆ ದಪ್ಪ ಚರ್ಮದ ಕೋಟು ಬೇಕಾಗಿರಲಿಲ್ಲ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೊರಟ 'ಮಿಸ್ಟೇರ್' ವಿಮಾನಗಳಲ್ಲಿ ಅವರದೂ ಒಂದು. ಶಬ್ದಕ್ಕಿಂತ ದುಪ್ಪಟ್ಟು ವೇಗದ 'ಸ್ಟಾರ್‌ಫೈಟರ್' ಅವರ ಮೇಲೆರಗಿತು. ವಿಮಾನಕ್ಕೆ ಪೆಟ್ಟು ಬಿದ್ದರೂ ಅವರು ತಿರುಗಿ ಸೆಣಸಿ ಅದನ್ನು ಉರುಳಿಸಿದರು, ತಾವು ಮರಳಲಿಲ್ಲ.

ಆ ಸಾಹಸ ವರ್ಷಗಟ್ಟಲೆ ತಾಯ್ನಾಡಿಗೆ ತಿಳಿಯಲೇ ಇಲ್ಲ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರ 1979ರ ಪುಸ್ತಕದಿಂದ ಆ ಕಾಳಗದ ವಿವರ ಹೊರಬಿತ್ತು. ಮರಣೋತ್ತರ ಮಹಾವೀರ ಚಕ್ರ ಸಂದದ್ದು 1988ರಲ್ಲಿ, ಎಂದರೆ 23 ವರ್ಷಗಳ ಬಳಿಕ. ಇಂದು ಮಡಿಕೇರಿಯಲ್ಲಿ ಅವರ ಪ್ರತಿಮೆಯಿದೆ.

ಬರೆದಿಡದ ಶೌರ್ಯ ಎಷ್ಟು ಬೇಗ ಮರೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಒಂದು ಪರ್ಸು ಪ್ರತಿಮೆಯ ಕೆಲಸ ಮಾಡಲಾರದು, ನಿಜ. ಆದರೆ ದಿನವೂ ಕೈಗೆ ಬರುವ ವಸ್ತು ಅದು. ಅದರ ಮೇಲೆ ಯಾವುದೋ ದೇಶದ ಹೆಸರಿಲ್ಲದ ವಿಮಾನದ ಬದಲು ವಾಪಿಟಿ ಅಥವಾ ಮಿಸ್ಟೇರ್ ಚಿತ್ರವಿದ್ದು, ಜೊತೆಗೆ ಸ್ಕ್ವಾಡ್ರನ್ನಿನ ಹೆಸರು, ಇಸವಿ, ನಾಲ್ಕು ಸಾಲಿನ ವಿವರವಿದ್ದರೆ ಉಡುಗೊರೆ ಪಡೆದ ಹುಡುಗ "ಇದು ಯಾರ ವಿಮಾನ?" ಎಂದು ಕೇಳಿಯಾನು. ಅಥಣಿ, ನಿಪ್ಪಾಣಿಯ ಕಡೆ ತಲೆಮಾರುಗಳಿಂದ ಚರ್ಮ ಹದಮಾಡಿ ಹೊಲಿಯುವ ಕೈಗಳಿವೆ. ರಾಜ್ಯದ್ದೇ ಚರ್ಮೋದ್ಯಮ ಸಂಸ್ಥೆ ಲಿಡ್ಕರ್ ಇದೆ. ಕಸುಬಿಗೆ ಕೊರತೆಯಿಲ್ಲ. ಅಚ್ಚೊತ್ತಬೇಕಾದ ಹೆಸರುಗಳಿಗಂತೂ ಕೊರತೆಯೇ ಇಲ್ಲ.